ನೇಗಿಲು ಮುಟ್ಟದ ಮೂಲೆ

ಮಣ್ಣಿನ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ಮಣ್ಣಿನ ಬಗ್ಗೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮಂದಿಯ ಮೇಲೆ ಬಂದಿದೆ, ಬೇಕಾದಷ್ಟು.

ನನ್ನ ಸಂಶೋಧನೆ ಸೀಸಿಯಂ ಬಗ್ಗೆ. ಹಿಂದೊಮ್ಮೆ ದೂರದ ದೇಶಗಳಲ್ಲಿ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡಿದರಲ್ಲ, ಅದರ ಧೂಳಿಗೆ ಅಂಟಿ ಈ ವಿಕಿರಣ ವಸ್ತು ಗಾಳಿಯಲ್ಲಿ ಅಲೆದಾಡಿ ಮಳೆಯ ಜೊತೆ ನಮ್ಮ ವಿಜಯಪುರದ ಹೊಲಗಳಿಗೂ ಇಳಿದಿದೆ. ಇರುವುದು ತೀರ ಚೂರು, ಯಾರಿಗೂ ಕೇಡಿಲ್ಲ. ಆದರೆ ಒಮ್ಮೆ ಜೇಡಿಮಣ್ಣಿಗೆ ಅಂಟಿತೆಂದರೆ ಅದರದು ಉಡದ ಪಟ್ಟು. ನೀರು ಎಷ್ಟು ತೊಳೆದರೂ ಸುಲಭಕ್ಕೆ ಬಿಡುವುದಿಲ್ಲ, ಮೇಲಿನ ಪದರದಲ್ಲೇ ಕೂತಿರುತ್ತದೆ. ಬಬಲೇಶ್ವರದ ಕಡೆಯ ಹರಳು ತುಂಬಿದ ಗರಸು ಮಣ್ಣಿನಲ್ಲಿ ಅದು ಸ್ವಲ್ಪ ಕೆಳಗಿಳಿದದ್ದು ನನಗೆ ಸಿಕ್ಕಿತ್ತು. ತಿಕೋಟಾ ಕಡೆಯ ಕಪ್ಪು ಎರೆಮಣ್ಣಿನಲ್ಲಿ ಏನಾಗಿದೆ? ಬೇಸಿಗೆಗೆ ಎರೆ ಕೈ ಹಿಡಿಸುವಷ್ಟು ಬಿರಿಯುತ್ತದೆ. ಆ ಬಿರುಕಿನೊಳಗೆ ಮೇಲ್ಮಣ್ಣು ಉದುರಿ ಸೀಸಿಯಂ ಆಳಕ್ಕೆ ಹೋಗುತ್ತದೆಯೇ? ನನ್ನ ಪ್ರಶ್ನೆ ಇಷ್ಟೇ.

ಇದಕ್ಕೆ ನೇಗಿಲು ಮುಟ್ಟದ ನೆಲ ಬೇಕು. ಉತ್ತರೆ ಮೇಲಿನದು ಕೆಳಗಿನದು ಎಲ್ಲ ಕಲಸಿ ಹೋಗುತ್ತದೆ. ಅಂಥ ಒಂದು ತುಂಡು ನೆಲ ಅಳತೆಗೋಲಾಗಿ ಸಿಗದಿದ್ದರೆ ಉಳಿದ ಹೊಲಗಳ ಮಣ್ಣು ತಂದದ್ದೆಲ್ಲ ದಂಡ, ನನ್ನ ಪ್ರಬಂಧವೂ ದಂಡ. ಅಥಣಿ ರಸ್ತೆಯ ನಮ್ಮ ಮನೆಯಿಂದ ದಿನಾ ಸ್ಕೂಟಿ ಹತ್ತಿ ಅಲೆದೆ. ಬದುವನ್ನೂ ಬಿಡದೆ ಉತ್ತು ಹರಗುವ ಊರುಗಳಲ್ಲಿ ಅದೆಲ್ಲಿ ಸಿಗಬೇಕು? ಕೊನೆಗೆ ತಿಕೋಟಾ ಹತ್ತಿರ ಒಬ್ಬ ಹಿರಿಯ ರೈತರು ತಮ್ಮ ಹೊಲದ ಮೂಲೆಯೊಂದನ್ನು ತೋರಿಸಿದರು.

“ನಮ್ಮ ಮುತ್ತ್ಯಾನ ಕಾಲದಿಂದ ಇದಕ್ಕ ನೇಗಿಲಾ ಮುಟ್ಟಿಲ್ರಿ ಮೇಡಮ್ಮರ. ಬೇಕಾದ್ರ ಆಣಿ ಮಾಡ್ತೇನಿ.”

“ಆಣಿ ಬ್ಯಾಡ್ರಿ ಕಾಕಾ,” ಎಂದು ಕುಣಿಯುತ್ತ ಮಣ್ಣು ತೆಗೆಯುವ ಕೊಳವೆಯನ್ನು ನೆಲಕ್ಕೆ ಬಡಿದೆ. ಪದರ ಪದರವಾಗಿ ಮಣ್ಣು ತೆಗೆದು, ಒಣಗಿಸಿ, ಜರಡಿ ಹಿಡಿದು ಕಳಿಸಿದೆ. ಅಳೆಯುವ ಯಂತ್ರ ಇರುವುದು ಬೇರೆ ಊರಿನಲ್ಲಿ; ಅದರ ಸರದಿಗೆ ಕಾದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಫಲಿತಾಂಶ ಬಂತು. ಮೇಲಿನ ಪದರದಲ್ಲಿ ಸೀಸಿಯಂ ಇಲ್ಲವೇ ಇಲ್ಲ! ಬಿರುಕಿನೊಳಗೆ ಇಳಿದೇ ಬಿಟ್ಟಿದೆ ಎಂದು ಹಿಗ್ಗಿ ಮಾರ್ಗದರ್ಶಕರಿಗೆ ಫೋನು ಹಚ್ಚಿದೆ.

“ಇಳದಿದ್ರ ಕೆಳಗ ಸಿಗಬೇಕಿತ್ತಲ್ಲವಾ? ಕೆಳಗೂ ಇಲ್ಲ. ಎಲ್ಲಿ ಹಾರಿ ಹೋತು?” ಎಂದರು ಅವರು.

ಜರಡಿ ತಪ್ಪಿತೇ, ಚೀಲ ಅದಲುಬದಲಾಯಿತೇ ಎಂದು ತಲೆ ಕೆರೆದುಕೊಂಡೆ. ಕಡೆಗೆ ಇನ್ನೊಮ್ಮೆ ಮಣ್ಣು ತೆಗೆಯೋಣವೆಂದು ಮುಂಗಾರಿನ ಹೊತ್ತಿಗೆ ಅದೇ ಹೊಲಕ್ಕೆ ಹೋದೆ.

ಆ ಮೂಲೆಯಲ್ಲಿ ಹೆಂಗಸರ ಸಂತೆ ನೆರೆದಿತ್ತು. ಕುರುಪಿಯಿಂದ ಮೇಲ್ಮಣ್ಣು ಕೆರೆದು ಬುಟ್ಟಿಗೆ ತುಂಬುತ್ತಿದ್ದರು. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ.

ನಮ್ಮ ಮನೆಯಲ್ಲಿ ಆ ಹಬ್ಬವಿಲ್ಲ; ಪಕ್ಕದ ಮನೆಯವರು ನನ್ನ ಅಮ್ಮಿಗೂ ನನಗೂ ಹೋಳಿಗೆ ಕೊಡುವುದು ಇವತ್ತಿನ ಮಾತಲ್ಲ. ಅವರ ದೇವರ ಜಗಲಿಯ ಮೇಲಿನ ಮಣ್ಣಿನ ಎತ್ತುಗಳು ಪೇಟೆಯಿಂದ ಬಂದಂಥವು. ಅಷ್ಟೊಂದು ಮಣ್ಣನ್ನು ಯಾರಾದರೂ ಎಲ್ಲಿಂದಲೋ ತರಬೇಕು ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

“ಕಾಕಾ, ಇದನ್ಯಾಕ ನನಗ ಮೊದಲ ಹೇಳ್ಲಿಲ್ಲ?” ನನ್ನ ದನಿ ಏರಿತ್ತು.

“ನೀವು ನೇಗಿಲಾ ಮುಟ್ಟೇತೇನು ಅಂತ ಕೇಳಿದ್ರಿ. ಮುಟ್ಟಿಲ್ಲ ಅಂದೆ. ಎತ್ತಿನ ಮಣ್ಣಿಗಂತನ ಈ ಮೂಲಿ ಬಿಟ್ಟದ್ದರಿ. ಕಸ ಇಲ್ಲ, ಹರಳ ಇಲ್ಲ, ಬೆಣ್ಣಿಯಂಥಾ ಮಣ್ಣು.”

“ಹಬ್ಬ ಆದ ಮ್ಯಾಲೆ ಎತ್ತು ಏನ್ ಮಾಡ್ತೀರಿ?”

“ಬಾವ್ಯಾಗ ಬಿಡ್ತೀವಲ್ಲ,” ಎಂದಳು ಅವರ ಹೆಂಡತಿ, ಇದನ್ನೂ ಕೇಳಬೇಕೇ ಎನ್ನುವಂತೆ.

ಅಂದರೆ ಮಳೆಯ ಕೈಲಿ ಆಗದ್ದನ್ನು ಇವರು ವರ್ಷವರ್ಷವೂ ಎತ್ತು ಮಾಡಿ, ಪೂಜಿಸಿ, ಹೊಡೆದುಕೊಂಡು ಹೋಗಿದ್ದರು. ಬಾಂಬಿನ ಧೂಳು ಯಾರ ಯಾರದೋ ಜಗಲಿ ಹತ್ತಿ ಇಳಿದು ಬಾವಿಯ ತಳ ಸೇರಿತ್ತು. ಅಲ್ಲೇ ಕೂತು ಅಳಬೇಕೆನ್ನಿಸಿತು. ಬಯ್ಯೋಣವೆಂದರೆ ಯಾರನ್ನು ಬಯ್ಯಲಿ?

ನನ್ನ ಮುಖ ನೋಡಿ ರೈತರಿಗೆ ಕೆಡುಕೆನಿಸಿತು. ಹಳ್ಳದ ಆಚೆ ಕೈ ತೋರಿಸಿದರು.

“ಅಲ್ಲೊಂದು ತುಂಡು ಐತಿ ನೋಡ್ರಿ. ಅದಕ್ಕೂ ನೇಗಿಲಾ ಮುಟ್ಟಿಲ್ಲ.”

ಕೊಳವೆಗೆ ಕೈ ಹಾಕಿದೆ. ಆದರೆ ಈ ಸಲ ನಾನು ಕೇಳಬೇಕಾದದ್ದನ್ನೇ ಕೇಳಿದೆ. “ಅದನ್ಯಾಕ ಬಿಟ್ಟೀರಿ ಕಾಕಾ?”

“ಹುತ್ತ ಅದಾವಲ್ಲರಿ. ಪಂಚಮಿಗೆ ನಾಗಪ್ಪನ್ನ ಮಾಡಾಕ ಮಣ್ಣು ಬೇಕಲ್ಲ?”

ಕೊಳವೆಯನ್ನು ಮತ್ತೆ ಸ್ಕೂಟಿಗೆ ಕಟ್ಟಿದೆ.