ಇಸ್ತ್ರಿಯ ಒಂದೂವರೆ ನಿಮಿಷ

ನನ್ನ ಗುಂಡಿ-ದಾರದ ಅಂಗಡಿಯ ಎದುರಿನ ಚಿತ್ರಮಂದಿರದಲ್ಲಿ ಮೂವತ್ತು ವರ್ಷ ಯಂತ್ರ ಓಡಿಸಿದವನನ್ನು ಎಲ್ಲರೂ ರೀಲಣ್ಣ ಎನ್ನುತ್ತಿದ್ದರು. ಅವನು ತೆರೆಯನ್ನು ನೋಡುತ್ತಿದ್ದುದು ಕಡಿಮೆ. ಗೋಡೆಯ ಕಿಂಡಿಯಿಂದ ಜನರ ತಲೆಗಳನ್ನೇ ನೋಡುವನು. ಯಾವ ದೃಶ್ಯಕ್ಕೆ ಎಷ್ಟು ತಲೆ ಅಲುಗಾಡುತ್ತವೆ ಎಂಬುದು ಬಾಯಿಪಾಠ. ನಾನು ಗಿರಾಕಿಯ ಮುಖ ನೋಡಿ ಬೆಲೆ ಹೇಳುವ ಹಾಗೆ.

ಆ ವಾರದ ಚಿತ್ರದಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳು ಕಳ್ಳಿ ಅನ್ನಿಸಿಕೊಂಡು ಯಜಮಾನನ ಎದುರು ನಿಲ್ಲುತ್ತಾಳೆ. ಬಾಯಿ ಬಿಡುವುದಿಲ್ಲ. ಒಂದೂವರೆ ನಿಮಿಷ ಅವನ ಅಂಗಿಗೆ ಇಸ್ತ್ರಿ ಹಾಕುತ್ತಾಳೆ. ತೋಳು, ಕಾಲರು, ಬೆನ್ನು. ಮಡಿಸಿಟ್ಟ ಮೇಲೆಯೇ ಮಾತು: “ನಿಮ್ಮ ಕಲೆ ತೆಗೆದ ಕೈ ಇದು. ಇದಕ್ಕೇ ಕಲೆ ಹಚ್ತೀರಾ?” ಅಲ್ಲಿಂದ ಮುಂದೆ ಅವಳನ್ನು ತಡೆಯುವವರಿಲ್ಲ.

ಚಿತ್ರಮಂದಿರದ ಮಾಲೀಕರಿಗೆ ಆ ಮೌನ ದಂಡ ಅನ್ನಿಸಿತು. ರೀಲಣ್ಣನನ್ನು ಕರೆದು ಹೇಳಿದರು: “ಮಾತು ಇಟ್ಕೋ, ಇಸ್ತ್ರಿ ಕತ್ತರಿಸು. ಅಷ್ಟು ಹೊತ್ತಿಗೆ ಒಂದು ಜಾಹೀರಾತು ಒಪ್ಕೊಂಡಿದ್ದೀನಿ.”

ಜಾಹೀರಾತು ನನ್ನ ಅಂಗಡಿಯದು. ಅದರ ದುಡ್ಡು ಕೊಡಲು ನಾನೂ ಅಲ್ಲೇ ನಿಂತಿದ್ದೆ.

“ಹಾಡು ಕತ್ತರಿಸ್ತೀನಿ, ಹೊಡೆದಾಟ ಕತ್ತರಿಸ್ತೀನಿ. ಇದನ್ನ ಮುಟ್ಟಲ್ಲ,” ಎಂದ ರೀಲಣ್ಣ.

“ಹಾಗಾದ್ರೆ ಕೋಣೆ ಬೀಗದ ಕೈ ಇಟ್ಟು ಮನೆಗೆ ಹೋಗು.”

ಬೀಗದ ಕೈಯನ್ನು ಮೇಜಿನ ಮೇಲೆ ಟಣ್ಣೆಂದು ಇಟ್ಟ. “ಮಧ್ಯಾಹ್ನದ ಆಟ ಮುಗಿಸಿ ಹೋಗ್ತೀನಿ. ನೀವೂ ಕಿಂಡಿ ಹತ್ರ ನಿಂತ್ಕೊಳ್ಳಿ ಸ್ವಾಮಿ. ಆ ಒಂದೂವರೆ ನಿಮಿಷದಲ್ಲಿ ಒಬ್ಬ ಕೆಮ್ಮಿದ್ರೂ ನಾನೇ ಕತ್ತರಿ ಹಾಕ್ತೀನಿ. ಈ ಅಂಗಡಿ ಸಾಹುಕಾರ್ರೇ ಸಾಕ್ಷಿ.”

ಮೂವರೂ ಆ ಇಕ್ಕಟ್ಟಿನ ಕೋಣೆಯಲ್ಲಿ ನಿಂತೆವು. ಇಸ್ತ್ರಿ ಶುರುವಾಯಿತು. ಕೆಳಗೆ ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ಮುನ್ನೂರು ತಲೆ ಕಲ್ಲಾದವು. ಕಾಲರಿಗೆ ಬರುವಷ್ಟರಲ್ಲಿ ಮಾಲೀಕರ ಗಂಟಲಲ್ಲೇ ಕೆರೆತ. ಕರವಸ್ತ್ರ ಬಾಯಿಗೆ ತುರುಕಿಕೊಂಡರು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು, ಕಣ್ಣಲ್ಲಿ ನೀರು. ಆದರೂ ಕೆಮ್ಮಲಿಲ್ಲ. ಕೆಮ್ಮಿದ್ದರೆ ಪಂದ್ಯ ಅವರದೇ. ಅದು ಅವರಿಗೆ ನೆನಪೇ ಬರಲಿಲ್ಲ.

ಅವಳ ಮಾತು ಮುಗಿದ ಮೇಲೆ ಮೆಟ್ಟಿಲಿಗೆ ಓಡಿ ಹೊಟ್ಟೆ ತುಂಬ ಕೆಮ್ಮಿ ಬಂದರು.

“ಕತ್ತರಿ ತರಲಾ ಸ್ವಾಮಿ?”

“ಬಾಯ್ಮುಚ್ಚು. ಬೀಗದ ಕೈ ಎತ್ಕೋ.”

ನನ್ನ ಜಾಹೀರಾತು ಆಟಕ್ಕೆ ಮೊದಲೇ ಬಂತು, ಜನ ಕುರ್ಚಿ ಹುಡುಕುವ ಹೊತ್ತಿಗೆ. ಯಾರ ಕಣ್ಣಿಗೂ ಬೀಳಲಿಲ್ಲ. ರೀಲಣ್ಣನ ಹತ್ತಿರ ಗೊಣಗಿದೆ.

“ಅದರಲ್ಲಿ ನೀವು ಒಂದೇ ಸಮನೆ ವಟಗುಟ್ತೀರಿ ಸಾಹುಕಾರ್ರೇ,” ಎಂದ. “ಮೊದಲು ಸುಮ್ನೆ ಒಂದು ಗುಂಡಿ ಹೊಲೀರಿ.”