ಒಗೆದ ಕೌದಿ

ಶಹಾಪುರದ ಕಾಲುವೆಗೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಪಕ್ಕದ ಮನೆಯ ಟೀಚರು ಹೆರಿಗೆಗೆಂದು ತವರಿಗೆ ಹೊರಟಾಗ ತಮ್ಮ ಕೆಂಪು ನಾಯಿಯನ್ನು ನಮ್ಮಲ್ಲಿ ಬಿಟ್ಟುಹೋದರು. ನಮ್ಮಲ್ಲಿ ಆಗಲೇ ಎರಡು ನಾಯಿಗಳಿದ್ದವು. ಎರಡೂ ಬೇರೆ ನಾಯಿಯನ್ನು ಅಂಗಳಕ್ಕೆ ಸೇರಿಸದಂಥವು.

"ನಮ್ಮ ನಾಯಿ ಮಲಗೋ ಕೌದಿ ಅದಕ್ಕ ಹಾಸು," ಅಂದಳು ಅವ್ವ.

ಬೀಗರು ಬಂದರೆ ಒಗೆದ ಕೌದಿಯನ್ನೇ ಹಾಸುವ ಮನೆ ನಮ್ಮದು. ನಾನು ನಾಯಿಗಳ ಕೌದಿಯನ್ನೂ ಹಾಗೇ ಕಾಲುವೆಗೆ ಒಯ್ದು, ಸಾಬೂನು ಹಚ್ಚಿ, ಕಲ್ಲಿಗೆ ಬಡಿದು ಒಗೆದು, ಒಣಗಿಸಿ ತಂದು ಹಾಸಿದೆ. ನಮ್ಮವೆರಡೂ ಮೂಸಿ ನೋಡಿ ಹೊಸ ನಾಯಿಯ ಮೈಮೇಲೆ ಬಿದ್ದವು.

"ಇವುಗಳ ವಾಸನಿ ಅದಕ್ಕ ಹತ್ತಲಿ ಅಂತ ಹಾಸು ಅಂದ್ರ, ವಾಸನೀನ ತೊಳಕೊಂಡು ಬಂದಿಯಲ್ಲ!" ಅವ್ವ ಹಣೆ ಬಡಿದುಕೊಂಡಳು.

ತಪ್ಪು ನನ್ನದು, ಸಿಟ್ಟು ಮಾತ್ರ ನಾಯಿಗಳ ಮೇಲೆ. ದಿನಾ ಸಂಜೆ ಮೂರೂ ನಾಯಿಗಳಿಗೆ ಹಗ್ಗ ಕಟ್ಟಿ, ಬೈಯುತ್ತಲೇ ಕಾಲುವೆಯ ಏರಿಯ ಮೇಲೆ ನಡೆಸಿದೆ. ನೀರಿನಲ್ಲಿ ಆಕಾಶ ಮೆಲ್ಲಗೆ ಸರಿಯುತ್ತಿತ್ತು. ಅದರೊಳಗೆ ಮೂರು ನೆರಳುಗಳು ಕರಗಿ ಒಂದಾಗಿ, ಮತ್ತೆ ಮೂರಾಗಿ ತೇಲುತ್ತಿದ್ದವು. ನೋಡುತ್ತಾ ನೋಡುತ್ತಾ ನನ್ನ ಬೈಗುಳವೂ ನಿಂತುಹೋಗುತ್ತಿತ್ತು. ತಿಂಗಳು ತುಂಬುವುದರೊಳಗೆ ಮೂರೂ ಅದೇ ಕೌದಿಯ ಮೇಲೆ ಒತ್ತಿಕೊಂಡು ಮಲಗತೊಡಗಿದವು.

ಟೀಚರು ಕೂಸಿನ ಸಂಗಡ ಬಂದರು. ಅವರಿಗೆ ಸುರಪುರಕ್ಕೆ ವರ್ಗವಾಗಿತ್ತು. ಕೆಂಪು ನಾಯಿಯೂ ಅವರ ಜೊತೆ ಹೋಯಿತು.

ದಸರೆ ಹತ್ತಿರ ಬಂದಾಗ ಮನೆಯ ಕೌದಿಗಳನ್ನೆಲ್ಲ ಕಾಲುವೆಗೆ ಒಯ್ಯಲು ಗಂಟು ಕಟ್ಟಿದೆ. ಅವ್ವ ಗಂಟು ಬಿಚ್ಚಿ ನಾಯಿಗಳ ಕೌದಿಯನ್ನು ಹೊರಗೆಳೆದಳು.

"ಇದೊಂದು ಒಗೀಬ್ಯಾಡ," ಅಂದಳು.