ಕೊಲೆಗಾರ ಭಾವನ ಮನೆಯ ಕಾಫಿ

ಕಳೆದ ಭಾನುವಾರ ಬಾಗೂರಿನ ನಮ್ಮಕ್ಕನ ಮನೆ ಹಜಾರದಲ್ಲಿ ಒಂದೇ ಏಟಿಗೆ ನಾಲ್ಕು ಜನಕ್ಕೆ ಶುಗರ್ ಬಂತು. ಗಂಡಿನ ಅಪ್ಪನಿಗೆ, ಅಮ್ಮನಿಗೆ, ಚಿಕ್ಕಪ್ಪನಿಗೆ. ಕೊನೆಗೆ ಗಂಡಿಗೂ! (ದಾರಿಯಲ್ಲಿ ಹೊಳೆನರಸೀಪುರದಲ್ಲಿ ಇಳಿದು ಕಬ್ಬಿನ ಹಾಲು ಕುಡಿದೆವು ಎಂದು ಆಗಷ್ಟೇ ಅವನೇ ಹೇಳಿದ್ದ.)

ನಮ್ಮಕ್ಕನ ಮಗಳು ರಶ್ಮಿಯನ್ನು ನೋಡಲು ಅರಕಲಗೂಡಿನಿಂದ ಬಂದವರು ಇವರು. ಜಾತಕ ಕೂಡಿತ್ತು. ಹುಡುಗ-ಹುಡುಗಿ ಫೋನಲ್ಲೇ ಮಾತಾಡಿ ಒಪ್ಪಿದ್ದರು. ಕಾಫಿ ಕುಡಿದು "ಸರಿ" ಅನ್ನುವುದಷ್ಟೇ ಬಾಕಿ. ಆ ಕಾಫಿಯೇ ಯಾರ ಗಂಟಲಲ್ಲೂ ಇಳಿಯಲಿಲ್ಲ.

ಕಾರಣ? ನಮ್ಮ ಭಾವ ಕೊಲೆಗಾರ.

ಗಾಬರಿಯಾಗಬೇಡಿ, ಸಿನಿಮಾದಲ್ಲಿ. ತೆಂಗಿನಕಾಯಿ ವ್ಯಾಪಾರದ ಶಿವಣ್ಣ ಭಾವನನ್ನು, ನಮ್ಮ ಕಡೆ ಶೂಟಿಂಗಿಗೆ ಬಂದಿದ್ದ ಕ್ರೈಮ್ ಥ್ರಿಲ್ಲರ್‌ನವರು ಹಿಡಿದು ಹಾಕಿಕೊಂಡಿದ್ದರು. ತನಿಖೆಗೆ ಬಂದ ಇನ್‌ಸ್ಪೆಕ್ಟರಿಗೆ ವಿಷದ ಕಾಫಿ ಕೊಡುವ ಪಾತ್ರ. "ಆ್ಯಕ್ಟಿಂಗ್ ಮಾಡ್ಬೇಡಿ. ಮನೆಗೆ ಬಂದೋರಿಗೆ ಹೇಗೆ ಕೊಡ್ತೀರೋ ಹಾಗೇ ಕೊಡಿ" ಎಂದರಂತೆ ಡೈರೆಕ್ಟರ್. ಭಾವ ಹಾಗೇ ಕೊಟ್ಟರು. ಲೋಟದ ತಳವನ್ನು ಹೆಗಲ ಮೇಲಿನ ಟವಲ್ಲಿನಿಂದ ಒರೆಸಿ, ಎರಡೂ ಕೈಯಲ್ಲಿ ಮುಂದೆ ಹಿಡಿದು, "ಕುಡೀರಿ ಸಾ, ಆರೋಯ್ತದೆ" ಅಂದರು.

ನಾನು ನೋಡಿದ್ದು ಹಾಸನದ ಥಿಯೇಟರಿನಲ್ಲಿ. ಹೀರೋ ಹತ್ತು ಜನರನ್ನು ಕೊಂದಾಗ ಜನ ಆರಾಮಾಗಿ ಪಾಪ್‌ಕಾರ್ನ್ ತಿನ್ನುತ್ತಿದ್ದರು. (ಅಷ್ಟು ಹೊಡೆದಾಡಿದರೂ ಅವನ ಕ್ರಾಪು ಕೆಡಲಿಲ್ಲ. ಯಾವ ಎಣ್ಣೆಯೋ!) ಭಾವ ಲೋಟ ಒರೆಸಿದ ಕೂಡಲೇ ಪಕ್ಕದ ಹೆಂಗಸು, "ಅಯ್ಯೋ, ಕುಡೀಬ್ಯಾಡ ಕಣಪ್ಪಾ!" ಎಂದು ಕಿರುಚಿದಳು. ನನಗೂ ಮೈ ಜುಮ್ಮೆಂದಿತು. ದಿನಾ ನೋಡುವ ಭಾವನೇ ತಾನೇ? ಅದಕ್ಕೇ ಭಯ. ಕೊಲೆಗಾರರು ಕಣ್ಣು ಕೆಂಪಗೆ ಮಾಡಿಕೊಂಡು ಗಹಗಹಿಸುತ್ತಿದ್ದಷ್ಟು ಕಾಲ ನಾವು ಮನೆಗೆ ಬಂದು ನೆಮ್ಮದಿಯಾಗಿ ಮಲಗುತ್ತಿದ್ದೆವು. ಈ ಪುಣ್ಯಾತ್ಮ ಉಪಚಾರ ಮಾಡಿ ಸಾಯಿಸಿದರು!

ಆಗಬೇಕಿದ್ದ ಬೀಗರೂ ಸಿನಿಮಾ ನೋಡಿದ್ದರು. "ನೀವೇ ಅಲ್ವಾ ಸಾ ಅದು!" ಎಂದು ಸೆಲ್ಫಿಯನ್ನೂ ತೆಗೆದುಕೊಂಡರು. ಅಷ್ಟರಲ್ಲಿ ಒಳಗಿಂದ ಕಾಫಿ ಬಂತು. ಭಾವ ಲೋಟದ ತಳ ಒರೆಸಿದರು. ಎರಡೂ ಕೈಯಲ್ಲಿ ಹಿಡಿದರು. "ಕುಡೀರಿ ಸಾ, ಆರೋಯ್ತದೆ."

ಬೀಗರು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ನಂಗೆ ಶುಗರ್ರು ಕಣ್ ಬುಡಿ" ಎಂದರು ಗಂಡಿನ ಅಪ್ಪ. ಉಳಿದ ಮೂವರಿಗೂ ಸರಸರನೆ ಅಂಟಿತು. "ಊರ್ಗೋಗಿ ಫೋನ್ ಮಾಡ್ತೀವಿ" ಎಂದು ಕಾರು ಹತ್ತಿದರು. ಎಂಥಾ ಕಳಪೆ ನಟನೆ!

ಭಾವ ಹಜಾರಕ್ಕೆ ವಾಪಸು ಬಂದು ಕುಸಿದು ಕೂತರು. "ಬಂದಿದ್ ಸಂಬಂಧಾನ ನಾನೇ ಕೆಡಿಸ್ಬುಟ್ನಲ್ಲಾ" ಎಂದು ಕಣ್ಣೊರೆಸಿಕೊಂಡರು. (ಇದನ್ನು ಯಾವ ಡೈರೆಕ್ಟರೂ ಶೂಟ್ ಮಾಡಲಿಲ್ಲ.)

ರಶ್ಮಿ ಬಂದವಳೇ ಗಂಡಿನ ಮುಂದಿಟ್ಟಿದ್ದ ಲೋಟ ಎತ್ತಿ ಗಟಗಟ ಕುಡಿದಳು. "ಓಗ್ಲಿ ಬುಡಪ್ಪ. ನೀನ್ ಕೊಟ್ಟ ಕಾಫಿಗೇ ಎದ್ರಿಕೊಳ್ಳೋ ಗಂಡು ನಂಗ್ಯಾಕೆ?" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾವ, ನಿನ್ ಲೋಟನೂ ಅಂಗೇ ಐತಲ್ಲಾ. ನೀನ್ಯಾಕೆ ಕುಡೀಲಿಲ್ಲ?"